ಜಯವ್ವನ ಮುಯ್ಯಿ

ಸಂಕ್ರಾಂತಿ ಮುಗಿದ ವಾರ. ಕರ್ಜಗಿಯ ಮೀನಾಕ್ಷಿಯ ಹೊಲದಲ್ಲಿ ಹೆಂಗಸರು ಮೆಣಸಿನಕಾಯಿ ಬಿಡಿಸುತ್ತಿದ್ದಾಗ ಜಯವ್ವ ಪ್ಲಾಸ್ಟಿಕ್ ಸ್ಟೂಲು ಹಿಡಿದು ಬದುವಿನ ಮೇಲೆ ಬಂದಳು. ಹೋದ ತಿಂಗಳು ಅವಳು ಹಾವೇರಿಯಲ್ಲಿ ಮೊಣಕಾಲಿಗೆ ಇಂಜೆಕ್ಷನ್ ಮಾಡಿಸಿಕೊಂಡು ಮನೆಯಲ್ಲಿದ್ದಾಗ, ಅವಳ ಹೊಲದ ಕಾಯಿ ಬಿಡಿಸಿಕೊಟ್ಟವಳು ಮೀನಾಕ್ಷಿ. ಆ ಮುಯ್ಯಿಯನ್ನು ಇಂದು ದುಡಿದು ತೀರಿಸಬೇಕಿತ್ತು.

“ನೋಡ್ರೆವ್ವಾ, ಖುರ್ಚಿ ಸಮೇತ ಬಂದಾಳ ನಮ್ಮ ಎಮ್ಮೆಲ್ಲೆ!” ಎಂದಳು ಸುಶೀಲವ್ವ. ಎಲ್ಲರೂ ನಕ್ಕರು.

ಮೀನಾಕ್ಷಿ ಓಡಿ ಬಂದಳು. “ಮುಯ್ಯಿ ಮುಟ್ಟಿತಂತ ತಿಳಕೋ ಯಕ್ಕಾ. ಆಪರೇಷನ್ ಆಗೂತನಕ ಮನ್ಯಾಗ ಕುಂದ್ರು.”

“ಆಪರೇಷನ್ ಸದ್ಯ ಬ್ಯಾಡಂತನ ಇಂಜೆಕ್ಷನ್ ಮಾಡ್ಯಾರ. ನೋವು ಅರ್ಧ ಇಳದೈತಿ. ಕುಕ್ಕರಗಾಲಿಲೆ ಕುಂದ್ರಬ್ಯಾಡ ಅಂದಾರ ಡಾಕ್ಟರು, ಕೆಲಸ ಬಿಡು ಅಂದಿಲ್ಲ. ಇವತ್ತ ನೀ ಮುಯ್ಯಿ ಬಿಟ್ಟಿ ಅಂದ್ರ, ನಾಳೆ ನನ್ನ ಯಾರು ಕೆಲಸಕ್ಕ ಕರೀತಾರ?”

ಅವಳು ಸಾಲಿನಲ್ಲಿ ಸ್ಟೂಲು ಊರಿ ಕುಳಿತಳು. ಒಂದು ಗಿಡ ಮುಗಿದೊಡನೆ ಎದ್ದು ಸ್ಟೂಲನ್ನು ಮುಂದೆ ಸರಿಸುತ್ತಿದ್ದಳು. ಉಳಿದವರು ತಮ್ಮ ಸಾಲು ಮುಗಿಸಿದಾಗ ಅವಳಿನ್ನೂ ನಡುವೆ ಇದ್ದಳು. ನೆರವಿಗೆ ಬಂದ ಸುಶೀಲವ್ವನ ಕೈಯನ್ನು ಪಕ್ಕಕ್ಕೆ ಸರಿಸಿದಳು. ಹೊತ್ತು ಇಳಿಯುವಾಗ ಕೊನೆಯ ಗಿಡವೂ ಬರಿದಾಯಿತು.

ಸುಶೀಲವ್ವ ಈಗ ನಗಲಿಲ್ಲ. “ಯಕ್ಕಾ, ಸೋಮವಾರ ನಮ್ಮ ಹೊಲ ಐತಿ. ಇವತ್ತಿನಂಗ ತಡ ಮಾಡಿದ್ರ ನಡಿಯಂಗಿಲ್ಲ, ಲಗೂ ಬರಬೇಕು” ಎಂದಳು.