ಆ ಒಂದು ಓಟು

"ಅವನಿಗೆ ನಲವತ್ತೆರಡು, ನಿನಗೆ ಒಂದು," ಎಂದು ಮೇಷ್ಟ್ರು ಬೋರ್ಡಿನ ಮೇಲೆ ಬರೆದು ಸೀಮೆಸುಣ್ಣದ ಕೈ ಒರೆಸಿಕೊಂಡರು. ವಿದ್ಯಾರ್ಥಿ ಸಂಘಕ್ಕೆ ಮೊದಲ ವರ್ಷದವರ ಪ್ರತಿನಿಧಿಯಾಗಲು ಸಹಪಾಠಿಯೊಬ್ಬನ ಎದುರು ನಿಂತಿದ್ದ ಹುಡುಗಿ ಬೆಂಚಿನಲ್ಲೇ ಕಲ್ಲಾದಳು.

ಒಂದು ವಾರ ಅವಳ ಜೊತೆ ಪೋಸ್ಟರು ಅಂಟಿಸಿದ್ದ ಗೆಳತಿ ಮೆಲ್ಲಗೆ ಕೈ ಹಿಡಿದಳು. "ಆ ಒಂದು ನಂದು ಕಣೇ."

ಹುಡುಗಿಗೆ ಮೈಯೆಲ್ಲ ಉರಿದುಹೋಯಿತು. ತನ್ನ ಓಟು ತನಗೇ ಹಾಕಿಕೊಂಡದ್ದು ತನಗೆ ಗೊತ್ತಿಲ್ಲವೇ? "ಅದು ನಂದು! ಎಲ್ರ ಹಾಗೆ ನೀನೂ ಕೈಕೊಟ್ಟೆ, ಅದ್ರ ಮೇಲೆ ಸುಳ್ಳು ಬೇರೆ. ಇನ್ಮೇಲೆ ನನಗೆ ಮುಖ ತೋರಿಸ್ಬೇಡ," ಎಂದು ಕೈ ಕೊಡವಿದಳು. ಗೆಳತಿ ಬ್ಯಾಗು ಹೆಗಲಿಗೇರಿಸಿ ಹೊರಟುಹೋದಳು.

ಕಣ್ಣೊರೆಸಿಕೊಳ್ಳಲು ಕರ್ಚೀಫು ಎಳೆದಾಗ ಜೇಬಿನಿಂದ ಮಡಚಿದ ಚೀಟಿಯೊಂದು ಕೆಳಗೆ ಬಿತ್ತು. ಅದರಲ್ಲಿ ಅವಳದೇ ಹೆಸರಿತ್ತು, ಅವಳದೇ ಅಕ್ಷರದಲ್ಲಿ. ಬೆಳಗ್ಗೆ ಸಿಕ್ಕಸಿಕ್ಕವರ ಹತ್ತಿರ ಓಟು ಕೇಳುವ ಗಡಿಬಿಡಿಯಲ್ಲಿ ಅದನ್ನು ಪೆಟ್ಟಿಗೆಗೆ ಹಾಕುವುದನ್ನೇ ಮರೆತಿದ್ದಳು.