ಯಜಮಾನರ ಮೊಬೈಲಿಗೆ

"ಎರಡನೇದೂ ಟೈಮ್ ಆಗೋಯ್ತು ಅಮ್ಮ," ಎಂದಳು ಆಸ್ಪತ್ರೆಯ ವಿಮೆ ಕೌಂಟರಿನ ರಾಣಿ. "ಓಟಿಪಿ ಇನ್ನೊಂದೇ ಸಲ ಕಳಿಸಕ್ಕಾಗೋದು. ಅದೂ ಐದು ನಿಮಿಷ ಅಷ್ಟೆ. ಯಜಮಾನ್ರು ಫೋನ್ ಎತ್ತಿದ್ಮೇಲೆ ಹೇಳಿ, ಒತ್ತುತೀನಿ."

ಮುನಿಯಕ್ಕ ಮತ್ತೆ ಫೋನನ್ನು ಕಿವಿಗಿಟ್ಟುಕೊಂಡಳು. ಎಡಗೈಗೆ ಚುಚ್ಚಿದ್ದ ಸೂಜಿಯ ಮೇಲಿನ ಪಟ್ಟಿ ಎಳೆಯುತ್ತಿತ್ತು. ರಾತ್ರಿಯಿಂದ ಬಾಯಿಗೆ ತೊಟ್ಟು ನೀರಿಲ್ಲ. ಪಿತ್ತಕೋಶದಲ್ಲಿ ಕಲ್ಲು, ಈ ತಿಂಗಳಲ್ಲೇ ಮೂರು ಸಲ ನೋವು ಬಂದು ಮಾಕಳಿಯ ತಮ್ಮನ ಮನೆಯಲ್ಲಿ ನೆಲದ ಮೇಲೆ ಹೊರಳಾಡಿದ್ದಳು. ಹನ್ನೊಂದಕ್ಕೆ ಆಪರೇಷನ್. ಇವತ್ತು ತಪ್ಪಿದರೆ ಇನ್ನು ಹದಿನೆಂಟು ದಿನ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಗೋಡೆಯ ಗಡಿಯಾರ ಹತ್ತೂವರೆ ದಾಟಿತ್ತು. ಕೂರಲಾರದೆ ಎದ್ದಳು, ನಿಲ್ಲಲಾರದೆ ಕೂತಳು.

ಕಾರ್ಡು ಗಂಡ ಸೊಣ್ಣಪ್ಪನ ಹೆಸರಿನದು. ಸರ್ಕಾರಿ ಕಾರ್ಖಾನೆಯಿಂದ ನಿವೃತ್ತನಾದಾಗ ಬಂದದ್ದು. ಹೆಂಡತಿಗೂ ಅದರಲ್ಲೇ ಚಿಕಿತ್ಸೆ. ಆದರೆ ಇಬ್ಬರಲ್ಲಿ ಯಾರಿಗೆ ಏನಾದರೂ ಓಟಿಪಿ ಬರುವುದು ಅವನ ಮೊಬೈಲಿಗೆ. ಸೊಸೆಯ ಎದುರಿಗೇ ಅವನು ಸಾರಿನ ತಟ್ಟೆಯನ್ನು ಮುಖಕ್ಕೆ ಎಸೆದ ದಿನ ಮುನಿಯಕ್ಕ ಕುಂದಲಹಳ್ಳಿಯ ಮನೆ ಬಿಟ್ಟಿದ್ದಳು. ಮೂರು ವರ್ಷವಾಯಿತು. ಅಲ್ಲಿಂದೀಚೆಗೆ ಇಬ್ಬರ ನಡುವೆ ಮಾತೆಂದರೆ ಆರು ಅಂಕಿ. ಕಣ್ಣಿನ ಪೊರೆ ತೆಗೆಸುವಾಗ ಒಂದು ಸಲ, ಸಕ್ಕರೆ ಏರಿದಾಗ ಒಂದು ಸಲ. ಅವನು ಹೇಳುತ್ತಿದ್ದ, ಇವಳು ಹೂಂ ಅನ್ನುತ್ತಿದ್ದಳು, ಅಷ್ಟೆ.

ಏಳನೆಯ ಸಲಕ್ಕೆ ಎತ್ತಿದ. ಅವನ ಹಿಂದೆ ನೀರಿನ ಟ್ಯಾಂಕರಿನ ಮೋಟರು ಗುರುಗುಡುತ್ತಿತ್ತು.

"ಎಲ್ಲೋಗಿದ್ರಿ? ಎರಡು ನಂಬರ್ ಬಂದ್ವಲ್ಲ."

"ಬಂದ್ವು. ನೋಡ್ದೆ."

"ನೋಡಿ ಸುಮ್ನೆ ಕೂತಿದ್ರಾ?"

"ಆಪರೇಷನ್ ಅಂತ ಬಂದೈತೆ ಮೆಸೇಜಲ್ಲಿ."

"ಹೂಂ, ಹನ್ನೊಂದಕ್ಕೆ. ಇನ್ನೊಂದು ಬತ್ತದೆ, ಹೇಳಿ." ಮುನಿಯಕ್ಕ ರಾಣಿಗೆ ಸನ್ನೆ ಮಾಡಿದಳು. ರಾಣಿ ಒತ್ತಿದಳು.

"ಬಂತು," ಎಂದ ಸೊಣ್ಣಪ್ಪ.

"ಹೇಳಿ ಮತ್ತೆ."

"ಕುಯ್ಸ್ಕಂಡು ಎಲ್ಲಿಗೋಯ್ತೀಯ?"

"ಎಲ್ಲಿಗೋ. ನಂಬರ್ ಹೇಳಿ."

"ಕಾರ್ಡು ನಂದು, ಆರೈಕೆ ನಿನ್ನ ತಮ್ಮಂದಾ? ಅರವತ್ತೆರಡಕ್ಕೆ ತವರಲ್ಲಿ ಬಾಣಂತನವಾ? ಊರಲ್ಲಿ ನಾನು ತಲೆ ಎತ್ತಂಗಿಲ್ಲ. ಕುಂದಲಹಳ್ಳಿಗೆ ಬತ್ತೀನಿ ಅನ್ನು, ಹೇಳ್ತೀನಿ."

"ಈಗ ಕೇಳೋ ಮಾತಾ ಇದು?"

"ಇನ್ಯಾವಾಗ ಕೇಳಾನ? ಬೇರೆ ದಿನ ನನ್ನ ಫೋನ್ ಎತ್ತಿದ್ದೀಯಾ ನೀನು?"

ಗಾಜಿನಾಚೆ ರಾಣಿ ನಾಲ್ಕು ಬೆರಳು ತೋರಿಸಿದಳು. ಸ್ವಲ್ಪ ಹೊತ್ತಿಗೆ ಮೂರು. ಗಾಲಿಕುರ್ಚಿ ತಂದ ಆಯಾ ಬಾಗಿಲಲ್ಲಿ ನಿಂತು ಗಡಿಯಾರವನ್ನೂ ಇವಳನ್ನೂ ನೋಡುತ್ತಿದ್ದಳು. ಬಲಪಕ್ಕೆಯೊಳಗೆ ನೋವು ಮೆಲ್ಲಗೆ ತಿರುಚಿಕೊಳ್ಳತೊಡಗಿತು.

"ಬತ್ತೀನಿ," ಎಂದಳು ಮುನಿಯಕ್ಕ.

"ಇನ್ನೊಂದ್ಸಲ ಅನ್ನು."

"ಬತ್ತೀನಿ ಅಂದ್ನಲ್ಲ."

ಅವನು ಒಂದೊಂದೇ ಅಂಕಿ ಹೇಳಿದ. ಅವಳು ಗಟ್ಟಿಯಾಗಿ ತಿರುಗಿ ಹೇಳಿದಳು. ರಾಣಿ ಟೈಪು ಮಾಡಿ, ಪರದೆಯನ್ನೇ ನೋಡುತ್ತಿದ್ದು, ಉಸಿರು ಬಿಟ್ಟಳು. "ಪಾಸಾಯ್ತು ಅಮ್ಮ. ಇನ್ನೇನೂ ತೊಂದ್ರೆ ಇಲ್ಲ, ಹೊರಡಿ."

"ಕೆಳಗಿನ ರೂಮು ಖಾಲಿ ಮಾಡ್ಸಿಡ್ತೀನಿ," ಎನ್ನುತ್ತಿದ್ದ ಸೊಣ್ಣಪ್ಪ. "ಕುಯ್ದ ಮೇಲೆ ನೀನು ಮೆಟ್ಲು ಹತ್ತಂಗಿಲ್ಲ…"

ಮುನಿಯಕ್ಕ ಫೋನನ್ನು ಆರಿಸಿ ಗಾಲಿಕುರ್ಚಿಯಲ್ಲಿ ಕೂತಳು. ಆಯಾ ತಳ್ಳಲು ಬಾಗಿದಾಗ ಕೈ ಎತ್ತಿ ತಡೆದು ರಾಣಿಯತ್ತ ತಿರುಗಿದಳು.

"ನೋಡಮ್ಮ, ಈ ಕಾರ್ಡಿಗೆ ನನ್ನ ನಂಬರ್ ಹಾಕಕ್ಕಾಗಲ್ವಾ? ನಂತಾವೂ ಫೋನೈತಲ್ಲ."

"ಯಾಕಾಗಲ್ಲ? ಹೆಂಡ್ತಿಗೆ ಬೇರೆ ನಂಬರ್ ಕೊಡ್ಬೋದು. ಎರಡು ನಿಮಿಷ, ಇಲ್ಲೇ ಮಾಡ್ಕೊಡ್ತೀನಿ." ರಾಣಿ ಏನೇನೋ ಒತ್ತಿದಳು. ಆಮೇಲೆ ಅವಳ ಕೈ ನಿಂತಿತು. "ಆದ್ರೆ ಅಮ್ಮ, ಬದಲಾಯಿಸೋಕೂ ಒಂದು ಓಟಿಪಿ ಬೇಕು. ಅದು ಹೋಗೋದು ಯಜಮಾನ್ರ ಮೊಬೈಲಿಗೇ. ನಿಮ್ಮ ಹೆಂಡ್ತಿ ನಂಬರ್ ಬದಲಾಯಿಸಕ್ಕೆ ಕೇಳಿದ್ದಾರೆ ಅಂತ ಮೆಸೇಜ್ ಬರತ್ತೆ. ಕೊಡ್ತಾರಾ ಅವ್ರು?"

"ಕೊಡಲ್ಲ."

"ಹಂಗಾದ್ರೆ ಬೇಡ ಬಿಡಿ."

"ಕಳ್ಸಮ್ಮ ನೀನು," ಎಂದಳು ಮುನಿಯಕ್ಕ. "ಓದ್ಕೊಳ್ಲಿ."