ಒಂದಕ್ಷರ ಬಿಡದೆ

ರೈಟರಪ್ಪ ಕೈ ಎತ್ತಿದ್ದು ‘ಸ್ವಲ್ಪ ನಿಧಾನಕ್ಕೆ ಹೇಳಮ್ಮ’ ಅನ್ನುವುದಕ್ಕೆ. ಅಷ್ಟಕ್ಕೇ ಅವನ ಹಿಂದೆ ನಲವತ್ತು ಲಾಠಿಗಳು ಒಟ್ಟಿಗೆ ಮೇಲೆದ್ದವು.

“ಅಯ್ಯೋ, ಇಲ್ರಪ್ಪಾ, ಇಲ್ಲ! ಇಳ್ಸಿ, ಇಳ್ಸಿ!” ಕುರ್ಚಿಯಲ್ಲೇ ಅರ್ಧ ತಿರುಗಿ ಕೂಗಿಕೊಂಡ. “ಬರ್ಕೊಳೋಕೆ ಆಗ್ತಿಲ್ಲ ಅಂತ ಎತ್ತಿದೆ, ಅಷ್ಟೆ!”

ಕಾಲೇಜು ಲೈಬ್ರರಿಯ ಮೆಟ್ಟಿಲ ಮೇಲೆ ಕೂತಿದ್ದ ಇನ್ನೂರು ವಿದ್ಯಾರ್ಥಿಗಳು ಗೊಳ್ಳೆಂದು ನಕ್ಕರು. ತಪ್ಪು ಅವನದೇ. ಠಾಣೆಯ ಕಾಗದಪತ್ರವೆಲ್ಲ ಬರೆಯುವ ಪೇದೆ ಅವನು. ಎಲ್ಲರ ಬಾಯಲ್ಲೂ ರೈಟರಪ್ಪ. ಹೊರಡುವಾಗಲೇ ಇನ್ಸ್‌ಪೆಕ್ಟರ್ ಹೇಳಿದ್ದರು: “ಆ ಹುಡುಗಿ ಭಾಷಣಾನ ಒಂದಕ್ಷರ ಬಿಡದೆ ಬರ್ಕೊಳ್ರಿ. ಕೆಟ್ಟ ಮಾತು ಬಂತೋ, ಕೈ ಎತ್ತಿ. ಮಿಕ್ಕಿದ್ದು ನಾವು ನೋಡ್ಕೋತೀವಿ.” ಅವನು ಕೈ ಎತ್ತದೆ ಲಾಠಿ ಬೀಸಕೂಡದೆಂದು ಮೇಲಿನವರ ಕಟ್ಟಪ್ಪಣೆ. ಹೋದ ವಾರ ಬೀಸಿದ್ದೇ ದೊಡ್ಡ ರಾದ್ಧಾಂತವಾಗಿತ್ತು.

ಮೈಕಿನ ಮುಂದಿದ್ದ ಹುಡುಗಿಯ ಬಲಗೈ ಪ್ಲಾಸ್ಟರಿನಲ್ಲಿತ್ತು. ‘ನಿಂತು ಬರೆದ್ರೆ ಅಕ್ಷರ ಕೆಡುತ್ತೆ ಅಂಕಲ್’ ಎಂದು ಅವನಿಗೆ ಕುರ್ಚಿ ಹಾಕಿಸಿದವಳೂ ಅವಳೇ.

“ಎಲ್ಲೀವರೆಗೂ ಬಂತು ಅಂಕಲ್?”

“‘ಹೋದ ಮಂಗಳವಾರ’ ಆಯ್ತು. ಆಮೇಲೆ ನೀನು ಓಡ್ಬಿಟ್ಟೆ ತಾಯಿ, ನಾನು ಹಿಂದೇ ಉಳ್ಕೊಂಡೆ.”

“ಹಾಗಾದ್ರೆ ಉಕ್ತಲೇಖನದ ಥರ ಹೇಳ್ತೀನಿ, ಬರ್ಕೊಳಿ. ಬೆಳಿಗ್ಗೆ ಹನ್ನೊಂದು ಗಂಟೆಗೆ... ಇದೇ ಮೆಟ್ಟಿಲ ಮೇಲೆ... ‘ಲೈಬ್ರರಿ ರಾತ್ರಿ ಹತ್ತರವರೆಗೆ ತೆರೆದಿರಲಿ’ ಅಂತ ಒಂದು ಕಾಗದ ಅಂಟಿಸಿದ್ದಕ್ಕೆ... ಪೊಲೀಸರೊಬ್ಬರು ಲಾಠಿಯಿಂದ... ನನ್ನ ಬಲಗೈ ಮೂಳೆ ಮುರಿಯುವ ಹಾಗೆ ಹೊಡೆದರು. ಆಯ್ತಾ?”

“...‘ಹೊಡೆದರು’. ಆಯ್ತು. ಮುಂದೆ?”

“ಕಣ್ಣಾರೆ ಕಂಡ ಸಾಕ್ಷಿಗಳು, ಜೊತೆಗಿದ್ದ ಮೂವರು.”

ರೈಟರಪ್ಪನ ಪೆನ್ನು ಗಕ್ಕನೆ ನಿಂತಿತು. ವಾರ, ವೇಳೆ, ಜಾಗ, ಪೆಟ್ಟು, ಸಾಕ್ಷಿ. ಇಪ್ಪತ್ತಾರು ವರ್ಷ ಇದನ್ನೇ ಬರೆದು ಸವೆದ ಕೈ ಅದು. ಇದು ಭಾಷಣವಲ್ಲ, ಅಪ್ಪಟ ದೂರು! ಇದೇ ದೂರು ಹಿಡಿದುಕೊಂಡು ಹುಡುಗಿ ಮೂರು ದಿನ ಠಾಣೆಗೆ ಅಲೆದಿದ್ದಳು. ಸಾಹೇಬರ ಕಣ್ಸನ್ನೆ ನೋಡಿ ‘ಪುಸ್ತಕ ಮುಗಿದಿದೆ, ನಾಳೆ ಬಾಮ್ಮ’ ಎಂದು ಮೂರು ದಿನವೂ ಸಾಗಹಾಕಿದವನು ಅವನೇ. ಈಗ ತೊಡೆಯ ಮೇಲಿರುವುದು ಹೊಚ್ಚಹೊಸ ಪುಸ್ತಕ. ಪುಟಪುಟಕ್ಕೂ ಸಂಖ್ಯೆ, ಮುದ್ರೆ. ಸಂಜೆಗೆ ಸೀದಾ ಮೇಲಿನ ಕಚೇರಿಗೆ ಹೋಗುವಂಥದ್ದು.

“ಇದ್ಯಾವ ಸೀಮೆ ಭಾಷಣಮ್ಮಾ?” ಎಂದ ಮೆಲ್ಲಗೆ.

“ನಿಮ್ಮ ಪುಸ್ತಕ ಮುಗಿದಿತ್ತಲ್ಲ ಅಂಕಲ್, ಹೊಸದು ಬರ್ಲಿ ಅಂತ ಕಾಯ್ತಿದ್ದೆ,” ಎಂದು ಅವಳು ನಕ್ಕಳು. ಮತ್ತೆ ಮೈಕಿಗೆ ಬಾಗಿದಳು. “ಇನ್ನು, ಹೊಡೆದವರ ಎದೆ ಮೇಲಿದ್ದ ನಂಬರು.”

“ಏನ್ರೀ ರೈಟ್ರೇ!” ಹಿಂದಿನಿಂದ ಇನ್ಸ್‌ಪೆಕ್ಟರ್ ಅಬ್ಬರಿಸಿದರು. “ಇದು ಕೆಟ್ಟ ಮಾತಲ್ವೇನ್ರಿ? ಎತ್ರೀ ಕೈ!”

ಎತ್ತಿದರೆ ಮುಗಿಯಿತು. ನೂಕುನುಗ್ಗಲಿನಲ್ಲಿ ಪುಸ್ತಕ ಯಾರ ಕಾಲಡಿಗೋ, ಹುಡುಗಿಯ ಇನ್ನೊಂದು ಕೈ ಯಾರ ಲಾಠಿಗೋ. ಎತ್ತದಿದ್ದರೆ ನಾಳೆಯೇ ಎತ್ತಂಗಡಿ. ರೈಟರಪ್ಪ ತೊಡೆ ಮೇಲಿದ್ದ ಪುಸ್ತಕವನ್ನು ಎಡಗೈಗೆ ತೆಗೆದುಕೊಂಡ.

“ಬಲಗೈಲಿ ಪೆನ್ನು, ಎಡಗೈಲಿ ಪುಸ್ತಕ ಸಾರ್!” ತಿರುಗಿಯೂ ನೋಡದೆ ಕೂಗಿದ. “ಕೈ ಖಾಲಿ ಇಲ್ಲ!”

ಮೆಟ್ಟಿಲ ತುಂಬ ಶಿಳ್ಳೆ, ಕೇಕೆ. ಅದು ಅಡಗುವವರೆಗೂ ಕಾದು, ಹೊಸ ಸಾಲಿಗೆ ಪೆನ್ನು ತಂದಿಟ್ಟ. “ಹೇಳಮ್ಮ ನಂಬರು. ಅವಸರ ಬೇಡ, ಒಂದೊಂದೇ ಅಂಕಿ.”

“ಮೊದಲನೇದು ಏಳು,” ಎಂದಳು ಹುಡುಗಿ.

ಲಾಠಿ ಹಿಡಿದ ಸಾಲಿನಲ್ಲಿ ನಲವತ್ತು ತಲೆಗಳು ಒಟ್ಟಿಗೆ ಬಗ್ಗಿ ತಂತಮ್ಮ ಎದೆ ನೋಡಿಕೊಂಡವು.